ಹಾಡುಗಾರರ ಮನೆಗೆ ಮಾತು ತಂದದ್ದು

ಟೋಕಿಯೋದ ಓಜಿಮಾ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗ ಹುಡುಗಿಯರು ನನ್ನನ್ನು ಹಿಡಿದುಕೊಳ್ಳುತ್ತಾರೆ. "ಆಂಟಿ, ನೀವು ವಾಯ್ಸ್ ಎಐನಲ್ಲಿ ಇದ್ರಂತೆ? ಫೀಲ್ಡ್ ಹೇಗಿದೆ? ಸ್ಕೋಪ್ ಇದ್ಯಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಮಹಡಿ ಬಂದಿರುತ್ತದೆ. "ಬರ್ತೀವಿ ಆಂಟಿ" ಎಂದು ಓಡುತ್ತಾರೆ. ಲಿಫ್ಟಿನಲ್ಲಿ ಹೇಳಿ ಮುಗಿಸುವ ವಿಷಯವೇನಪ್ಪ ಇದು? ಅದಕ್ಕೇ ಬರೆದಿಡುತ್ತಿದ್ದೇನೆ. ಸ್ಕೋಪ್ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಲಸ ಹೇಗಿರುತ್ತದೆ ಎನ್ನುವುದನ್ನು ಮಾತ್ರ ಹೇಳಬಲ್ಲೆ.

ಮೈಸೂರಿನಿಂದ ಬಂದು ನಾನು ಇಲ್ಲಿಯ ಕಂಪನಿ ಸೇರಿದ ಹೊಸದರಲ್ಲಿ ನಾವು ಕಾರುಗಳಿಗೆ ದಾರಿ ಹೇಳುವ ಧ್ವನಿ ಮಾಡುತ್ತಿದ್ದೆವು. ಆಗ ಎಐ ಗಿಎಐ ಏನೂ ಇರಲಿಲ್ಲ. ಒಳ್ಳೆಯ ಕಂಠದ ಒಬ್ಬ ಹೆಣ್ಣುಮಗಳನ್ನು ಸ್ಟುಡಿಯೋದಲ್ಲಿ ಕೂರಿಸಿ, ಬಿಸಿನೀರು ಕುಡಿಸುತ್ತಾ ಪದಪದ ಹೇಳಿಸಿ, ಅದನ್ನು ತುಂಡು ಮಾಡಿ ಕೌದಿ ಹೊಲಿದ ಹಾಗೆ ಜೋಡಿಸುವುದು. ನಮ್ಮ ಮೇಲಧಿಕಾರಿ ಕುರೋದಾ ಸಾನ್; ಸಾನ್ ಎಂದರೆ ಹೆಸರಿನ ಮುಂದೆ ನಾವು 'ಅವರು' ಎನ್ನುವ ಹಾಗೆ. ಕಣ್ಣು ಮುಚ್ಚಿ ಕೇಳುವುದು, ಕೇಳಿ ಮುಗಿದ ಮೇಲೆ "ಇನ್ನೊಂದು ಸಲ" ಎನ್ನುವುದು, ಇಷ್ಟೇ ಅವರ ಮಾತು. ಹೊಗಳಿದ್ದನ್ನು ನಾನು ಕೇಳಿಲ್ಲ, ಬೈದದ್ದನ್ನೂ ಕೇಳಿಲ್ಲ.

ಮೊದಲ ಧ್ವನಿ ತಯಾರಾದಾಗ ಹಿರೋಷಿಮಾದ ರಸ್ತೆಯಲ್ಲಿ ಪರೀಕ್ಷೆಗೆ ಹೋದೆವು. ಎಷ್ಟು ಚೆಂದದ ಧ್ವನಿ ಅಂತೀರಿ! ಜಪಾನಿನ ಅಷ್ಟೂ ಸಭ್ಯತೆಯನ್ನು ಅದರೊಳಗೆ ತುಂಬಿದ್ದೆವು. ಮುಂದಿನ ತಿರುವಿನಲ್ಲಿ ತಾವು ದಯವಿಟ್ಟು ಬಲಕ್ಕೆ ಹೊರಳುವ ಕೃಪೆ ಮಾಡಬೇಕೆಂದು ಅದು ಕೇಳಿಕೊಂಡು ಮುಗಿಸುವ ಹೊತ್ತಿಗೆ ಕಾರು ತಿರುವು ದಾಟಿ ಹೋಗಿತ್ತು. ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಕುರೋದಾ ಸಾನ್ "ಇನ್ನೊಂದು ಸಲ" ಎಂದರು. ಸುತ್ತು ಹಾಕಿ ಬಂದೆವು. ಮತ್ತೆ ದಾಟಿತು. ಹಿಂದೆ ಕೂತಿದ್ದ ನಾನು ನಗು ತಡೆಯಲಾಗದೆ ಕರವಸ್ತ್ರ ಬಾಯಿಗೆ ತುರುಕಿಕೊಂಡಿದ್ದೆ. ಆಮೇಲೆ ಕೃಪೆಯನ್ನೆಲ್ಲ ಕತ್ತರಿಸಿ ಹಾಕಿದೆವು.

ಕಾಲ ಬದಲಾಯಿತು. ಪದ ತುಂಡರಿಸುವುದು ಹೋಯಿತು, ಕಂಪ್ಯೂಟರೇ ಧ್ವನಿ ಕಲಿಯತೊಡಗಿತು. ಈಗ ಒಬ್ಬರ ಹಳೆಯ ರೆಕಾರ್ಡಿಂಗ್ ಕೊಟ್ಟರೆ ಸಾಕು, ಅವರು ಎಂದೂ ಆಡದ ಮಾತನ್ನು ಅವರದೇ ಕಂಠದಲ್ಲಿ ಆಡಿಸಬಹುದು. ನಾನು ನಿವೃತ್ತಳಾಗುವ ಮೊದಲು ಕೈಗೆ ಬಂದ ದೊಡ್ಡ ಕೆಲಸ ಇಂಥದ್ದೇ. ಕಂಪನಿಗೆ ಒಂದು ಸಮಾರಂಭದಲ್ಲಿ ತೋರಿಸಲು ಏನಾದರೂ ಬೇಕಿತ್ತು. ಗಂಟಲಿನ ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ತೆಗೆಸಿಕೊಂಡ ಒಬ್ಬ ಹಾಡುಗಾರರಿದ್ದಾರೆ, ಅವರ ಕಂಠವನ್ನು ಮರಳಿ ತನ್ನಿ ಎಂದರು.

ನಿಶಿಮುರಾ ಸಾನ್ ಇರುವುದು ಹಿರೋಷಿಮಾದಿಂದ ಬಸ್ಸಿನಲ್ಲಿ ಹೋಗಬೇಕಾದ ಒಂದು ಗುಡ್ಡದ ಊರಿನಲ್ಲಿ. ಹಗಲು ಟಿಲ್ಲರು, ನಾಟಿ ಯಂತ್ರ ರಿಪೇರಿ ಮಾಡುವವರು. ಶನಿವಾರ ಸಂಜೆ ಕೌಬಾಯ್ ಟೋಪಿ, ಬೂಟು ಹಾಕಿಕೊಂಡು ಪೇಟೆಗೆ ಹೋಗಿ ಒಂದು ಸಣ್ಣ ಕ್ಲಬ್ಬಿನಲ್ಲಿ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡುಗಳನ್ನು ಹಾಡುತ್ತಿದ್ದರು. ಜಪಾನಿನಲ್ಲಿ ಇದೊಂದು ದೊಡ್ಡ ಹುಚ್ಚು, ಬಹಳ ಜನಕ್ಕೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಒಂದು ಮಾತು ಆಡಲು ಬಾರದವರು, ರೆಕಾರ್ಡು ಕೇಳಿ ಕೇಳಿ ಅಪ್ಪಟ ಅಮೆರಿಕನ್ ರೈತನಂತೆ ಹಾಡುತ್ತಿದ್ದರು.

ಮೊದಲ ಸಲ ಹೋದಾಗ ನನ್ನ ಜೊತೆ ಪ್ರಸಾದ್ ಇದ್ದ. ಬೆಂಗಳೂರಿನ ಜಯನಗರದವನು, ನಮ್ಮ ಟೀಮಿನ ಜಾಣ ಇಂಜಿನಿಯರ್. ನಿಶಿಮುರಾ ಸಾನ್ ಬಾಗಿಲಲ್ಲಿ ನಿಂತು ಬಾಗಿ ನಮಸ್ಕರಿಸಿದರು. ಕತ್ತಿಗೆ ಹತ್ತಿಯ ವಸ್ತ್ರ, ಎದೆಯ ಮೇಲೆ ದಾರದಲ್ಲಿ ನೇತುಹಾಕಿಕೊಂಡ ಬಿಳಿ ಹಲಗೆ. ಅದರ ಮೇಲೆ ಸಣ್ಣಗೆ ಬರೆದು ನಮಗೆ ತೋರಿಸಿದರು: "ದೂರದಿಂದ ಬಂದಿದ್ದೀರಿ, ಒಳಗೆ ಬನ್ನಿ." ಆಮೇಲೆ ಅಳಿಸಿ, ಹೆಂಡತಿಗಾಗಿ ಬದನೆಕಾಯಿ ಗಾತ್ರದ ಅಕ್ಷರದಲ್ಲಿ "ಚಹಾ" ಎಂದು ಬರೆದರು. ಫುಮಿಕೋ ಸಾನ್ ಹಲಗೆಯನ್ನು ಮೂಗಿನ ಹತ್ತಿರ ತಂದು, ಆಚೆ ಈಚೆ ಸರಿಸಿ ಓದಿಕೊಂಡರು.

ಆ ಊರಿನ ಮಾತು ಟೋಕಿಯೋದಂತಲ್ಲ. ನನ್ನ ಕಿವಿಗೆ ಅದು ನಮ್ಮ ಮೈಸೂರಿನ ಕಡೆಯ ಮಾತಿನಂತೆಯೇ ಕೇಳಿಸುತ್ತಿದ್ದುದರಿಂದ ಹಾಗೆಯೇ ಬರೆಯುತ್ತೇನೆ.

"ಕಣ್ಣು ಪಕ್ಕದಿಂದ ಮುಚ್ಕೊಂಡು ಬರ್ತಾ ಇದೆಯಮ್ಮ," ಎಂದರು ಫುಮಿಕೋ ಸಾನ್ ಚಹಾ ಬಗ್ಗಿಸುತ್ತಾ. "ಗ್ಲಾಕೋಮಾ. ನಿಲ್ಸೋಕಾಗಲ್ವಂತೆ. ಮೊದ್ಲು ಹಲಗೇಲಿ ಒಂದು ಸಾಲು ಬರೆಯೋರು, ಓದ್ತಿದ್ದೆ. ಈಗ ಒಂದು ಪದ. ಇನ್ನು ಸ್ವಲ್ಪ ದಿನಕ್ಕೆ ಒಂದೊಂದೇ ಅಕ್ಷರ ಬರೀಬೇಕು. ಆಮೇಲೆ ಇವರು ಹಲಗೆ ನೇತಾಕ್ಕೊಂಡು ಏನ್ ಮಾಡ್ತಾರೋ ನೋಡ್ಬೇಕು!"

ಹೇಳಿ ನಕ್ಕರು. ನಾವು ನಗಲಿಲ್ಲ. ಗಂಟಲಿಗೆ ಒತ್ತಿಕೊಂಡು ಮಾತಾಡುವ ಗುಂಯ್‌ಗುಡುವ ಉಪಕರಣವೊಂದಿದೆ. ವಿಕಿರಣ ಚಿಕಿತ್ಸೆಯಿಂದ ನಿಶಿಮುರಾ ಸಾನ್ ಅವರ ಕತ್ತು ಗಟ್ಟಿಯಾಗಿ ಅದೂ ಹಿಡಿದಿರಲಿಲ್ಲ.

ಹೊರಡುವಾಗ ನಿಶಿಮುರಾ ಸಾನ್ ನನಗೊಬ್ಬಳಿಗೇ ಹಲಗೆ ತೋರಿಸಿದರು. "ಹಾಡು ಬೇಡ. ಇವಳ ಹತ್ತಿರ ಮಾತಾಡಬೇಕು. ಇವಳಿಗೆ ಸ್ವಲ್ಪ ಕಾಣಿಸುತ್ತಿರುವಾಗಲೇ ಆಗಬೇಕು. ಡಬ್ಬಿಯಿಂದ ಬರುವ ಮಾತು ನನ್ನದೇ ಅಂತ ಅವಳು ನನ್ನನ್ನು ನೋಡಿ ನಂಬಬೇಕು. ಕತ್ತಲಾದ ಮೇಲೆ ಕೇಳಿಸಿದರೆ ಯಾರೋ ಅನ್ನಿಸುತ್ತದೆ."

ವಾಪಸ್ ಬರುವ ಬಸ್ಸಿನಲ್ಲಿ ಪ್ರಸಾದ್ ಲ್ಯಾಪ್‌ಟಾಪ್ ತೆರೆದು ಮತ್ತೆ ಮುಚ್ಚಿದ. ಆಮೇಲೆ, "ಮೇಡಮ್, ಇದು ಡೆಮೋ ಪ್ರಾಜೆಕ್ಟ್ ಅಲ್ವೇ ಅಲ್ಲ," ಎಂದ.

ಕಚೇರಿಯಲ್ಲಿ ಕುರೋದಾ ಸಾನ್ ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು. "ಸಮಾರಂಭಕ್ಕೆ ಹಾಡು ಬೇಕು. ಮೊದಲು ಹಾಡು, ಆಮೇಲೆ ಮಾತು," ಎಂದರು. ನನಗೆ ರೇಗಿತು. ಆ ಅಮ್ಮನ ಕಣ್ಣು ಸಮಾರಂಭಕ್ಕೆ ಕಾಯುತ್ತದೆಯೇ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಜಪಾನಿನ ಕಚೇರಿಯಲ್ಲಿ ಇಷ್ಟು ವರ್ಷ ಇದ್ದವರಿಗೆ ನುಂಗುವುದು ಚೆನ್ನಾಗಿ ಅಭ್ಯಾಸವಾಗಿರುತ್ತದೆ.

ಕ್ಲಬ್ಬಿನವರು ಅವರ ಹಾಡಿನ ಟೇಪುಗಳನ್ನು ಜೋಪಾನವಾಗಿ ಇಟ್ಟಿದ್ದರು. ನಮ್ಮ ಶುಚಿ ಮಾಡುವ ಪ್ರೋಗ್ರಾಮು ಅದರಲ್ಲಿದ್ದ ಲೋಟದ ಸದ್ದು, ಕೆಮ್ಮು, ಉಸಿರು, ಪಕ್ಕದವರ ಮಾತು ಎಲ್ಲ ಗುಡಿಸಿ ಹಾಕಿ ಬರೀ ಹಾಡನ್ನು ಉಳಿಸಿತು. ಅದರಿಂದ ಹೊಸ ಹಾಡೊಂದು ತಯಾರಾಯಿತು. ಸಮಾರಂಭದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಟೋಪಿ ಹಾಕಿಕೊಂಡು ಬಂದಿದ್ದ ನಿಶಿಮುರಾ ಸಾನ್ ಎದ್ದು ನಿಂತು ನಾಲ್ಕೂ ದಿಕ್ಕಿಗೆ ಬಾಗಿದರು. ನಾನು ಫುಮಿಕೋ ಸಾನ್ ಪಕ್ಕದಲ್ಲಿ ಕೂತಿದ್ದೆ. ಹೇಗಿತ್ತಮ್ಮ ಎಂದು ಕೇಳಿದೆ.

"ಚೆನ್ನಾಗಿದೆ, ಚೆನ್ನಾಗಿದೆ. ಮನೇಲಿ ಟೇಪ್‌ನಲ್ಲೂ ಹಿಂಗೇ ಇದೆಯಲ್ವಾ."

ನನ್ನ ಮುಖಕ್ಕೆ ಯಾರೋ ತಣ್ಣೀರು ಚೆಲ್ಲಿದಂತಾಯಿತು. ಸರಿಯಾಗೇ ಹೇಳಿದ್ದರು. ಅವರ ಮನೆಯಲ್ಲಿ ಆಗಲೇ ಇದ್ದದ್ದನ್ನು ನಾವು ಇಷ್ಟು ಕಷ್ಟಪಟ್ಟು ಮಾಡಿಕೊಟ್ಟಿದ್ದೆವು.

ಇನ್ನು ಮಾತು. ನಿಶಿಮುರಾ ಸಾನ್ ಫೋನಿನಲ್ಲಿ ಟೈಪ್ ಮಾಡುವುದು, ಅಂಗಿಯ ಜೇಬಿನ ಪುಟ್ಟ ಸ್ಪೀಕರಿನಿಂದ ಅವರ ಧ್ವನಿ ಬರುವುದು, ಇದು ನಮ್ಮ ಯೋಜನೆ. ತೆಗೆದುಕೊಂಡು ಹೋದೆವು. ಅವರು ಬೆರಳಿನಲ್ಲಿ ಒತ್ತಿ ಒತ್ತಿ ಏನೋ ಬರೆದರು. "ಫುಮಿಕೋ, ಸ್ನಾನಕ್ಕೆ ನೀರು ಕಾದಿದೆ" ಎಂದಿತು ಸ್ಪೀಕರ್. ಧ್ವನಿ ಅವರದೇ. ಆದರೆ ಹೇಳಿದ ರೀತಿ! ಜಪಾನಿಗೆ ನಿನ್ನೆ ಬಂದಿಳಿದ ಅಮೆರಿಕನ್ ರೈತನೊಬ್ಬ ಸ್ನಾನಕ್ಕೆ ಕರೆದಂತಿತ್ತು. ಕಂಪ್ಯೂಟರು ಕಲಿತದ್ದು ಇಂಗ್ಲಿಷ್ ಹಾಡಿನಿಂದಲ್ಲವೇ? ಫುಮಿಕೋ ಸಾನ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯಯ್ಯೋ, ಯಾರಪ್ಪ ಈ ಫಾರಿನ್ನವನು ನಮ್ಮನೇಗೆ ಬಂದು ನೀರು ಕಾಯಿಸಿರೋನು!" ನಿಶಿಮುರಾ ಸಾನ್ ಕೂಡ ಭುಜ ಕುಣಿಸಿ ನಕ್ಕರು, ಸದ್ದಿಲ್ಲದೆ.

ಅವರು ಜಪಾನಿ ಮಾತಾಡಿದ ರೆಕಾರ್ಡಿಂಗ್ ಬೇಕಲ್ಲ? ಹುಡುಕಿದೆವು. ಕೊನೆಗೆ ಊರಿನ ಕಚೇರಿಯಲ್ಲಿ ಸಿಕ್ಕಿತು. ಜಪಾನಿನ ಊರುಗಳಲ್ಲಿ ಕಂಬಕ್ಕೆ ಕಟ್ಟಿದ ಸ್ಪೀಕರುಗಳಿರುತ್ತವೆ, ಭೂಕಂಪ, ಪ್ರವಾಹ, ಕಾಡುಹಂದಿ ಬಂದದ್ದು ಎಲ್ಲ ಅದರಲ್ಲೇ ಸಾರುವುದು. ಒಳ್ಳೆಯ ಕಂಠವೆಂದು ನಿಶಿಮುರಾ ಸಾನ್ ಕೈಯಲ್ಲಿ ವರ್ಷಗಟ್ಟಲೆ ಅದನ್ನು ಓದಿಸಿದ್ದರು. ಖುಷಿಯಿಂದ ಕುಣಿದಾಡಿಬಿಟ್ಟೆವು. ಹೊಸ ಧ್ವನಿ ತಯಾರಿಸಿಕೊಂಡು ಹೋದರೆ, "ನಿವಾಸಿಗಳ ಗಮನಕ್ಕೆ" ಎನ್ನುವ ಅದೇ ಧಾಟಿಯಲ್ಲಿ, ಒಂದೊಂದು ಪದಕ್ಕೂ ಗುಡ್ಡ ಪ್ರತಿಧ್ವನಿಸಲಿ ಎಂದು ಕಾಯುತ್ತಾ ಹೆಂಡತಿಯನ್ನು ಊಟಕ್ಕೆ ಕರೆಯಿತು.

"ಹಂದಿ ಬಂತೇನೋ ಅಂದ್ಕೊಂಡೆ," ಎಂದರು ಫುಮಿಕೋ ಸಾನ್.

ಮನೆಯಲ್ಲಿ ಮಾತಾಡಿದ್ದು ಏನಾದರೂ ರೆಕಾರ್ಡ್ ಆಗಿದೆಯೇ ಎಂದು ಕೇಳಿದೆ. "ಮನೇಲಿ ಇವರು ಎಲ್ಲಮ್ಮ ಮಾತಾಡಿದ್ರು? ಬಾಯಿ ಇದ್ದಾಗ ಮೂಗನ ಥರ ಇದ್ರು. ಈಗ ಹಲಗೇಲಿ ಬರೀತಾರಲ್ಲ, ಇಷ್ಟು ಮಾತು ಮದುವೆಯಾದಾಗಿನಿಂದ ಆಡಿರ್ಲಿಲ್ಲ." ನಿಶಿಮುರಾ ಸಾನ್ ಗಡಿಬಿಡಿಯಲ್ಲಿ ಹಲಗೆಯ ಮೇಲೆ ದೊಡ್ಡದಾಗಿ "ಸುಳ್ಳು" ಎಂದು ಬರೆದು ಹೆಂಡತಿಯ ಮೂಗಿನ ಮುಂದೆ ಹಿಡಿದರು. ಆಕೆ ಓದದೆಯೇ ಹಲಗೆಯನ್ನು ಪಕ್ಕಕ್ಕೆ ತಳ್ಳಿದರು.

ಕೊನೆಗೆ ಫುಮಿಕೋ ಸಾನ್ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡಿದೆವು. ನಾವು ಒಂದು ವಾಕ್ಯ ಹೇಳಿಸುವುದು, ಅವರು ತಿದ್ದುವುದು. "ಕೊನೇಲಿ ಅಷ್ಟು ಸ್ಪಷ್ಟವಾಗಿ ಹೇಳಲ್ಲ, ನುಂಗ್ತಾರೆ." "ನನ್ ಹೆಸರು ಎಳೀತಾರೆ, ಸ್ವಲ್ಪ." "ಇಷ್ಟು ಒಳ್ಳೇರಲ್ಲ ಇವರು, ಸ್ವಲ್ಪ ಸಿಡುಕು ಹಾಕಿ." ಪ್ರಸಾದ್ ಸಿಡುಕು ಹಾಕಿದ. ಮಧ್ಯಾಹ್ನವೆಲ್ಲ ಹೀಗೇ. ಒಂದು ಸಲ "ಫುಮಿಕೋ, ಕನ್ನಡಕ ಎಲ್ಲಿಟ್ಟಿದ್ದೀಯೆ?" ಎಂದು ಸ್ಪೀಕರ್ ಕೇಳಿದಾಗ ಆಕೆ "ಅಲ್ಲೇ ಟೀವಿ ಮೇಲೆ" ಎಂದು ಉತ್ತರ ಕೊಟ್ಟುಬಿಟ್ಟರು. ಕೊಟ್ಟು, ಕೈ ಬಾಯಿಗಿಟ್ಟುಕೊಂಡರು. ಆಮೇಲೆ ತಿರುಗಿ, ಗಂಡನ ಮುಖವನ್ನು ಎರಡು ಕೈಯಲ್ಲಿ ಹಿಡಿದು, ತನಗೆ ಉಳಿದಿದ್ದ ಆ ಚೂರು ದೃಷ್ಟಿಗೆ ಸರಿಯಾಗಿ ಸಿಗುವಂತೆ ಹತ್ತಿರ ತಂದು ನೋಡಿದರು. ನಾನು ಪ್ರಸಾದನನ್ನು ಕರೆದುಕೊಂಡು ಹೊರಗೆ ಹೋದೆ. ಗೋಡೆಯ ಬದಿಗೆ ನಿಂತು ಅತ್ತೆ. ನಾಚಿಕೆಯೇನಿಲ್ಲ ಹೇಳಿಕೊಳ್ಳಲು.

ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಸ್ವಲ್ಪ ದಿನದಲ್ಲೇ ಫುಮಿಕೋ ಸಾನ್ ಫೋನ್ ಮಾಡಿದರು. ಮೊದಲು ಹವಾಮಾನ, ಆಮೇಲೆ ಕ್ಷಮೆ, ಆಮೇಲೆ ವಿಷಯ.

"ಅವರು ಮಾತಾಡೋದು ಕೇಳತ್ತಮ್ಮ. ಆದರೆ ನಾನು ಮಾತಾಡ್ತಿರ್ತೀನಲ್ಲ, ಆವಾಗ ಅಲ್ಲಿ ಯಾರೂ ಇರಲ್ಲ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಜಪಾನಿನಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಉದ್ದಕ್ಕೂ "ಉನ್, ಉನ್" ಎನ್ನುತ್ತಿರಬೇಕು. ನಮ್ಮಲ್ಲಿ ಕಥೆ ಹೇಳುವವರಿಗೆ ಹೂಂಗುಟ್ಟುವುದಿಲ್ಲವೇ, ಹಾಗೆ. ಹೂಂಗುಟ್ಟದಿದ್ದರೆ ಕಥೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಮೂಗನಂತಿದ್ದ ಆ ಮನುಷ್ಯ ಜೀವಮಾನವೆಲ್ಲ ಹೆಂಡತಿಯ ಮಾತಿಗೆ ಹೂಂಗುಟ್ಟಿದ್ದರು. ಧ್ವನಿ ಹೋದ ಮೇಲೆ ತಲೆಯಾಡಿಸುತ್ತಿದ್ದರು, ಈಗ ಅದೂ ಆಕೆಗೆ ಕಾಣುತ್ತಿರಲಿಲ್ಲ. ಸಾವಿರ ಮಾತು ಕಲಿಸಿದ ನಾವು ಒಂದು ಹೂಂ ಕಲಿಸಿರಲಿಲ್ಲ.

ಎಲ್ಲಿತ್ತು ಅದು? ನಮ್ಮ ಕಸದಲ್ಲೇ ಇತ್ತು. ಕ್ಲಬ್ಬಿನ ಟೇಪುಗಳಲ್ಲಿ ಜೊತೆಯ ವಾದ್ಯದವರು ಹರಟುವಾಗ ನಿಶಿಮುರಾ ಸಾನ್ ಗಿಟಾರು ಶ್ರುತಿ ಮಾಡುತ್ತಾ ಹೂಂ ಹೂಂ ಎಂದಿದ್ದನ್ನೆಲ್ಲ ಶುಚಿ ಮಾಡುವ ಪ್ರೋಗ್ರಾಮು ಗುಡಿಸಿ ಹಾಕಿತ್ತು. ನಾನೂ ಪ್ರಸಾದನೂ ಹೆಡ್‌ಫೋನ್ ಹಾಕಿಕೊಂಡು ಕೂತು ಹೆಕ್ಕಿದೆವು. ಒಪ್ಪುವ ಹೂಂ, ನಂಬದ ಹೂಂ, ಮುಂದೇನಾಯ್ತು ಎನ್ನುವ ಹೂಂ, ಸಾಕು ಮಾರಾಯ ಎನ್ನುವ ಹೂಂ.

"ಮೇಡಮ್, ಇದನ್ನ ಆಟೋಮ್ಯಾಟಿಕ್ ಮಾಡ್ಬಿಡೋಣ," ಎಂದ ಪ್ರಸಾದ್. "ಫುಮಿಕೋ ಸಾನ್ ಮಾತಾಡೋದನ್ನ ಮೈಕ್ ಕೇಳತ್ತೆ, ಗ್ಯಾಪ್ ಸಿಕ್ಕ ಕಡೆ ಸರಿಯಾದ ಹೂಂ ತಾನೇ ಹಾಕತ್ತೆ. ನಿಶಿಮುರಾ ಸಾನ್ ಏನೂ ಮಾಡೋದೇ ಬೇಡ."

ನನಗೂ ಭಲೇ ಅನ್ನಿಸಿತು. ಮಾಡಿದೆವು. ಎಷ್ಟು ಚೆನ್ನಾಗಿ ಬಂತೆಂದರೆ, ಪರೀಕ್ಷೆಗೆಂದು ನಾನು ಅದರ ಮುಂದೆ ನನ್ನ ಅತ್ತೆಯ ವಿಷಯ ಹೇಳಿಕೊಂಡೆ, ಇಷ್ಟು ತಾಳ್ಮೆಯಿಂದ ನಮ್ಮೆಜಮಾನ್ರು ಕೂಡ ಎಂದೂ ಕೇಳಿಸಿಕೊಂಡಿರಲಿಲ್ಲ. ಕುರೋದಾ ಸಾನ್ ಕಣ್ಣು ಮುಚ್ಚಿ ಕೇಳಿ, ಇನ್ನೊಂದು ಸಲ ಎನ್ನಲಿಲ್ಲ. ನಮ್ಮ ಪಾಲಿಗೆ ಅದೇ ದೊಡ್ಡ ಪ್ರಶಸ್ತಿ.

ಒಂದು ವಾರ ಸುದ್ದಿಯಿಲ್ಲ. ಆಮೇಲೆ ನಾನೇ ಹೋದೆ. ಫುಮಿಕೋ ಸಾನ್ ಚಹಾ ಕೊಟ್ಟರು, ಮೊದಲಿನಂತೆ ನಗಲಿಲ್ಲ. ಜೇಬಿನ ಸ್ಪೀಕರನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟಿದ್ದರು, ವಾಪಸ್ ಕೊಡುವ ಸಾಮಾನಿನಂತೆ.

"ಮೊನ್ನೆ ನಾನು ಬಟಾಣಿ ಬಿಡಿಸ್ತಾ ನನ್ ತಂಗಿ ವಿಷಯ ಹೇಳ್ತಿದ್ದೆ," ಎಂದರು. "ಯಾರಿಗೂ ಹೇಳಿರ್ಲಿಲ್ಲ ಅದನ್ನ, ಇವರಿಗೂ ಹೇಳಿರ್ಲಿಲ್ಲ. ಕಣ್ಣು ಹೋಗ್ತಿದೆಯಲ್ಲ, ಧೈರ್ಯ ಬಂದಿತ್ತೋ ಏನೋ. ಹೂಂ ಅಂತಿತ್ತು. ಅಳು ಬಂದಾಗ ಮೆಲ್ಲಗೆ ಹೂಂ ಅಂತು. ಎಲ್ಲಾ ಹೇಳ್ದೆ. ಹೇಳಿ ಮುಗ್ಸಿದ್ಮೇಲೆ ತೋಟದ ಕಡೆ ಬಾಗಿಲು ತೆರೀತು. ಅವರು ಹೊರಗಿಂದ ಬಂದ್ರು, ಸೋರೋ ನಲ್ಲಿ ರಿಪೇರಿ ಮಾಡಿ. ಅಂಗಿ ಇಲ್ಲೇ ಕುರ್ಚಿ ಮೇಲೆ ಬಿಚ್ಚಿಟ್ಟು ಹೋಗಿದ್ರು."

ನಾನು ಲೋಟ ಕೆಳಗಿಟ್ಟು, ಕ್ಷಮಿಸಿ ಎಂದೆ.

"ನಿಮ್ಮನ್ನ ಬೈತಿಲ್ಲಮ್ಮ. ತುಂಬಾ ಚೆನ್ನಾಗಿ ಮಾಡಿದ್ದೀರ. ಆದರೆ ಅವರಿಲ್ದಿದ್ರೂ ಹೂಂ ಅನ್ನೋದು ನಂಗೆ ಬೇಡ. ಸುಮ್ಮನಿದ್ರೇ ಮೇಲು."

ನಿಶಿಮುರಾ ಸಾನ್ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು, ತಾವೇ ತಪ್ಪು ಮಾಡಿದವರಂತೆ. ಆ ತಂಗಿಯ ಕಥೆಯನ್ನು ಆಕೆ ಅವರಿಗೆ ಮತ್ತೆ ಹೇಳಿರಲಿಲ್ಲ. ಒಂದು ಸಲ ಹೇಳಲು ಅಷ್ಟು ವರ್ಷ ಬೇಕಾಗಿತ್ತು ಆಕೆಗೆ.

ಟೋಕಿಯೋಗೆ ಬಂದು ಹೇಳಿದಾಗ ಪ್ರಸಾದನ ಮುಖ ಇಷ್ಟಾಯಿತು. "ಸೆನ್ಸರ್ ಹಾಕ್ಬೋದು ಮೇಡಮ್, ಅವರು ಹತ್ರ ಇದ್ದಾಗ ಮಾತ್ರ..." ಎಂದು ಶುರು ಮಾಡಿ ತಾನೇ ನಿಲ್ಲಿಸಿದ. "ಹತ್ರ ಇದ್ದು ಪೇಪರ್ ಓದ್ತಿದ್ರೆ?" ಎಂದ. "ಹ್ಞಾಂ, ಅದೇ," ಎಂದೆ. ಕುರೋದಾ ಸಾನ್ ಕಣ್ಣು ಮುಚ್ಚಿ ಎಲ್ಲ ಕೇಳಿ, ಕಣ್ಣು ತೆರೆದು, "ತೆಗೆದುಬಿಡಿ," ಎಂದರು. ಅವರು ಮೆಚ್ಚಿದ್ದ ಒಂದೇ ಒಂದು ಕೆಲಸ ಅದು. ಒಂದು ಮಾತೂ ಹೆಚ್ಚಿಗೆ ಆಡದೆ ತೆಗೆಸಿದರು. ಅವರ ಮೇಲೆ ನನಗಿದ್ದ ಹಳೆಯ ಸಿಟ್ಟೆಲ್ಲ ಅವತ್ತು ಇಳಿಯಿತು.

ಬದಲಿಗೆ ಮಾಡಿದ್ದು ಬಹಳ ಸಾದಾ ಕೆಲಸ. ಹೆಬ್ಬೆರಳಿಗೆ ಸಿಗುವಂತೆ ಒಂದು ಪುಟ್ಟ ಗುಂಡಿ. ಮೆಲ್ಲಗೆ ಒತ್ತಿದರೆ ಒಂದು ಹೂಂ, ಗಟ್ಟಿಯಾಗಿ ಒತ್ತಿದರೆ ಇನ್ನೊಂದು, ಒತ್ತಿ ಹಿಡಿದರೆ ಮತ್ತೊಂದು. ಒತ್ತದಿದ್ದರೆ ಏನೂ ಇಲ್ಲ. ಯಾವ ಸಮಾರಂಭದಲ್ಲೂ ತೋರಿಸಲು ಲಾಯಕ್ಕಲ್ಲ. ನಿಶಿಮುರಾ ಸಾನ್ ಕೈಗೆ ಮೊದಮೊದಲು ಹಿಡಿತ ಸಿಗಲಿಲ್ಲ. ಸಾವಿನ ಸುದ್ದಿಗೆ "ಹೌದಾ!" ಎನ್ನುವ ಖುಷಿಯ ಹೂಂ ಒತ್ತಿ, ಗಾಬರಿಯಾಗಿ ಎಲ್ಲವನ್ನೂ ಒತ್ತಿಬಿಟ್ಟು ಬೈಸಿಕೊಂಡರಂತೆ. ಆದರೆ ಸ್ಪೀಕರು ಮತ್ತೆ ಅಂಗಿಯ ಜೇಬಿಗೆ ಬಂತು.

ನಾನು ನಿವೃತ್ತಳಾದ ಮೇಲೆ ಒಂದು ಚಳಿಗಾಲದ ಮಧ್ಯಾಹ್ನ ಅವರ ಮನೆಗೆ ಹೋದೆ, ಕೆಲಸವಿಲ್ಲದೆ, ಸುಮ್ಮನೆ. ಫುಮಿಕೋ ಸಾನ್ ಅವರಿಗೆ ಈಗ ಕಿಟಕಿಯ ಬೆಳಕು ಮಾತ್ರ ತಿಳಿಯುತ್ತದೆ. ಕಾಲಿಗೆ ಬಿಸಿ ಕೊಡುವ ತಗ್ಗು ಮೇಜಿನ ಸುತ್ತ ಹೊದಿಕೆ ಎಳೆದುಕೊಂಡು ಮೂವರೂ ಕೂತೆವು. ಆಕೆ ಕಿತ್ತಳೆ ಸುಲಿಯುತ್ತಾ ಮಾತಾಡುತ್ತಿದ್ದರು. ಇದ್ದಕ್ಕಿದ್ದಂತೆ, "ರೀ, ನನ್ ತಂಗಿ ವಿಷಯ ನಿಮಗೆ ಹೇಳಿಲ್ಲ ನಾನು," ಎಂದರು.

ಎದ್ದು ಹೋಗಲೆಂದು ನಾನು ಮಿಸುಕಿದೆ. ಆಕೆಗೆ ತಿಳಿಯಿತು. "ಇರಮ್ಮ, ನೀನೂ ಕೂತ್ಕೊ," ಎಂದರು.

ತಂಗಿಯ ಕಥೆಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರದು. ಆಕೆ ಹೇಳುತ್ತಾ ಹೋದರು. ಗಂಡನ ಹೆಬ್ಬೆರಳು ಗುಂಡಿಯ ಮೇಲಿತ್ತು. ಹೂಂ ತಡವಾಗಿ ಬರುತ್ತಿತ್ತು, ಒಮ್ಮೊಮ್ಮೆ ಮಾತಿನ ನಡುವೆ ಅಡ್ಡ ಬರುತ್ತಿತ್ತು. ಪ್ರಸಾದನ ಯಂತ್ರ ಇದಕ್ಕಿಂತ ಎಷ್ಟೋ ಚೆನ್ನಾಗಿ ಹೂಂಗುಟ್ಟುತ್ತಿತ್ತು. ಕಥೆ ಅತ್ಯಂತ ಕಷ್ಟದ ಜಾಗಕ್ಕೆ ಬಂದಾಗ ಹೂಂ ಬರಲೇ ಇಲ್ಲ. ಫುಮಿಕೋ ಸಾನ್ ನಿಲ್ಲಿಸಿದರು. ಮುಖ ಎತ್ತಿ ಕಾದರು. ನಾನು ಬ್ಯಾಟರಿ ಹೋಯಿತೋ, ಗುಂಡಿ ಕೆಟ್ಟಿತೋ ಎಂದು ತಿರುಗಿ ನೋಡಿದೆ. ನಿಶಿಮುರಾ ಸಾನ್ ಗುಂಡಿಯನ್ನು ಮೇಜಿನ ಮೇಲೆ ಬಿಟ್ಟು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದರು.

ಫುಮಿಕೋ ಸಾನ್ ಕೈ ಚಾಚಿ ತಡಕಾಡಿದರು. ಗಂಡನ ಭುಜ ಸಿಕ್ಕಿತು, ಅಲ್ಲಿಂದ ಕೆನ್ನೆ ಸಿಕ್ಕಿತು, ಕಣ್ಣೀರಿನ ಒದ್ದೆ ಕೈಗೆ ತಾಗಿತು.

"ಇದ್ದೀರಲ್ಲ," ಎಂದರು. ಒಂದು ತೊಳೆ ಕಿತ್ತಳೆ ಅವರ ಕೈಗಿಟ್ಟು, ಕಥೆ ಮುಂದುವರಿಸಿದರು.